ಕಾಪಾಡಿದವರ ಹಕ್ಕು ಎಲ್ಲಿಯವರೆಗೆ?

ಆಗಸ್ಟ್ ಡರ್ಲೆತ್ ಮನೆ ಕಟ್ಟಲೆಂದು ಬ್ಯಾಂಕಿನಲ್ಲಿ ಸಾಲ ಮಾಡಿದ್ದರು. ಆ ಹಣದಲ್ಲಿ ಒಂದು ಪಾಲನ್ನು ತೆಗೆದು, ತಾವು ಒಮ್ಮೆಯೂ ಮುಖತಃ ಕಾಣದ, ಆಗಲೇ ತೀರಿಹೋಗಿದ್ದ ಲೇಖಕರೊಬ್ಬರ ಕಥೆಗಳನ್ನು ಅಚ್ಚು ಹಾಕಿಸಿದರು. ಇದು ನಡೆದದ್ದು 1939ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸಾಕ್ ಸಿಟಿ ಎಂಬ ಪುಟ್ಟ ಊರಿನಲ್ಲಿ. ಆ ಲೇಖಕರು ಎಚ್. ಪಿ. ಲವ್‌ಕ್ರಾಫ್ಟ್. ಪುಸ್ತಕ ‘ದಿ ಔಟ್‌ಸೈಡರ್ ಅಂಡ್ ಅದರ್ಸ್’. ಅದನ್ನು ಹೊರತರಲೆಂದೇ ಡರ್ಲೆತ್ ಮತ್ತು ಅವರ ಗೆಳೆಯ ಡೊನಾಲ್ಡ್ ವಾಂಡ್ರೈ ಒಂದು ಪ್ರಕಾಶನ ಕಟ್ಟಿದರು. ಲವ್‌ಕ್ರಾಫ್ಟ್ ತಮ್ಮ ಕಥೆಗಳಿಗಾಗಿ ಕಲ್ಪಿಸಿಕೊಂಡಿದ್ದ ಊರಿನ ಹೆಸರನ್ನೇ ಅದಕ್ಕೆ ಇಟ್ಟು ‘ಆರ್ಕಮ್ ಹೌಸ್’ ಎಂದು ಕರೆದರು.

ಅದೇ ಡರ್ಲೆತ್ 1945ರಲ್ಲಿ ‘ದಿ ಲರ್ಕರ್ ಅಟ್ ದಿ ಥ್ರೆಶೋಲ್ಡ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಲೇಖಕರ ಜಾಗದಲ್ಲಿ ಲವ್‌ಕ್ರಾಫ್ಟ್ ಹೆಸರೂ ತಮ್ಮ ಹೆಸರೂ ಜೊತೆಯಾಗಿ ಇದ್ದವು. ಸುಮಾರು 50,000 ಪದಗಳ ಆ ಕಾದಂಬರಿಯಲ್ಲಿ ಲವ್‌ಕ್ರಾಫ್ಟ್ ಬರೆದದ್ದು ಸುಮಾರು 1,200 ಪದ. ಉಳಿದದ್ದೆಲ್ಲ ಡರ್ಲೆತ್ ಬರೆದದ್ದು.

ಒಂದನ್ನು ತ್ಯಾಗವೆಂದು ಹೊಗಳಿ, ಇನ್ನೊಂದನ್ನು ಮೋಸವೆಂದು ತೆಗಳಿ ಈ ಪ್ರಕರಣವನ್ನು ಮುಗಿಸಿಬಿಡಬಹುದು. ಆದರೆ ಎರಡೂ ಒಂದೇ ಕೈಯ ಕೆಲಸ, ಎರಡರ ಹಿಂದೆಯೂ ಇದ್ದದ್ದು ಒಂದೇ ಪ್ರೀತಿ. ಆದ್ದರಿಂದಲೇ ಇದು ಕುಳಿತು ತೂಗಿ ನೋಡಬೇಕಾದ ಪ್ರಕರಣ. ಸಣ್ಣ ಪ್ರಕಾಶನ ನಡೆಸುವವರಿಗೆ, ಅಂಥವರ ಪುಸ್ತಕ ಕೊಳ್ಳುವವರಿಗೆ, ಹಿರಿಯರ ಬರಹವನ್ನು ಕೈಯಲ್ಲಿ ಹಿಡಿದು ಕುಳಿತ ಮನೆಮಂದಿಗೆ ಇದರಲ್ಲಿ ಪಾಠವಿದೆ.

ಮೊದಲು ಲವ್‌ಕ್ರಾಫ್ಟರ ಸ್ಥಿತಿ ಹೇಗಿತ್ತೆಂದು ನೋಡೋಣ. 1890ರಲ್ಲಿ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್‌ನಲ್ಲಿ ಹುಟ್ಟಿದ ಅವರು 1937ರ ಮಾರ್ಚ್ 15ರಂದು ಅದೇ ಊರಿನಲ್ಲಿ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ವಯಸ್ಸು 46. ಭಯಾನಕ ಸಾಹಿತ್ಯದ ಚರಿತ್ರೆಯನ್ನು ಇಂದು ಅವರ ಹೆಸರಿಲ್ಲದೆ ಬರೆಯುವಂತಿಲ್ಲ. ಸಾಯುವಾಗ ಮಾತ್ರ ಅವರು ಕಡುಬಡವರು. ಅವರ ಕಥೆಗಳು ‘ವಿಯರ್ಡ್ ಟೇಲ್ಸ್’ನಂಥ ಅಗ್ಗದ ಪತ್ರಿಕೆಗಳಲ್ಲಿ ಚದುರಿಹೋಗಿದ್ದವು. ‘ಪಲ್ಪ್’ ಎಂದು ಕರೆಸಿಕೊಂಡ ಆ ಪತ್ರಿಕೆಗಳ ಕಾಗದ ಮರದ ತಿರುಳಿನಿಂದ ಮಾಡಿದ್ದು. ಕಾಲ ಕಳೆದಂತೆ ಹಳದಿಗಟ್ಟಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಬರೆದ ಪದಕ್ಕೆ ಒಂದೂವರೆ ಸೆಂಟ್ ಸಿಕ್ಕರೆ ಹೆಚ್ಚು. ಹೊಟ್ಟೆಪಾಡಿಗೆ ಅವರು ಬೇರೆಯವರ ಕಥೆಗಳನ್ನು ತಿದ್ದಿಕೊಡುತ್ತಿದ್ದರು. ಎಷ್ಟೋ ಸಲ ಪೂರ್ತಿ ತಾವೇ ಬರೆದುಕೊಡುತ್ತಿದ್ದರು.

ಅವರು ಬದುಕಿದ್ದಾಗ ಪುಸ್ತಕವೆಂದು ಕರೆಯಬಹುದಾದ ರೂಪದಲ್ಲಿ ಬಂದ ಕಥೆ ಒಂದೇ: 1936ರ ‘ದಿ ಶ್ಯಾಡೋ ಓವರ್ ಇನ್ಸ್‌ಮೌತ್’. ಪೆನ್ಸಿಲ್ವೇನಿಯಾದ ವಿಲಿಯಂ ಕ್ರಾಫರ್ಡ್ ಎಂಬ ಯುವಕ ಕೈಯಲ್ಲಿ ಕಾಸಿಲ್ಲದೆ, ಬರೀ ಅಭಿಮಾನದಿಂದ ಅದನ್ನು ತಂದರು. ಸುಮಾರು 400 ಪ್ರತಿ ಅಚ್ಚಾದವು. ರಟ್ಟು ಕಟ್ಟಿಸಲಾದದ್ದು ಅದರಲ್ಲಿ ಅರ್ಧಕ್ಕೆ ಮಾತ್ರ. ಅಚ್ಚಿನ ತಪ್ಪುಗಳು ಎಷ್ಟಿದ್ದವೆಂದರೆ ತಪ್ಪು ಒಪ್ಪುಗಳ ಪಟ್ಟಿಯನ್ನೇ ಬೇರೆ ಹಾಳೆಯಲ್ಲಿ ಅಚ್ಚು ಮಾಡಿ ಒಳಗಿಡಬೇಕಾಯಿತು. ಒಳ್ಳೆಯ ಮನಸ್ಸಿದ್ದರೆ ಸಾಕು, ಪುಸ್ತಕ ಆಗುತ್ತದೆ ಎಂದು ನಂಬುವವರು ಈ ಸಂಗತಿಯನ್ನು ನೆನಪಿಡಬೇಕು. ಕರಡು ತಿದ್ದುವುದು ಪ್ರಕಾಶಕನ ಪ್ರಾಮಾಣಿಕತೆಯ ಮೊದಲ ಪರೀಕ್ಷೆ.

ಡರ್ಲೆತ್ 1926ರಿಂದ ಲವ್‌ಕ್ರಾಫ್ಟರಿಗೆ ಪತ್ರ ಬರೆಯುತ್ತಿದ್ದರು. ಆಗ ಅವರಿಗೆ ಹದಿನೇಳು. ವಾಂಡ್ರೈ 1927ರಲ್ಲಿ ಮಿನ್ನೆಸೋಟದಿಂದ ಪ್ರಾವಿಡೆನ್ಸ್‌ವರೆಗೆ ಹೋಗಿ ಅವರನ್ನು ಕಂಡು ಬಂದಿದ್ದರು. ಸಾವಿನ ಸುದ್ದಿ ತಲುಪಿದ ಮೇಲೆ ಇಬ್ಬರೂ ಸೇರಿ ಕಥೆಗಳನ್ನು ಕಲೆಹಾಕಿ ಸ್ಕ್ರಿಬ್ನರ್ಸ್‌ಗೆ, ಆಮೇಲೆ ಸೈಮನ್ ಅಂಡ್ ಶುಸ್ಟರ್‌ಗೆ ತೋರಿಸಿದರು. ಸ್ಕ್ರಿಬ್ನರ್ಸ್ ಡರ್ಲೆತ್ತರದೇ ಪ್ರಕಾಶಕರು. ಎರಡೂ ಪ್ರಕಾಶನಗಳು ಒಲ್ಲೆವೆಂದವು. ಹಾಗಾಗಿ ಗೆಳೆಯರು ತಾವೇ ಪ್ರಕಾಶಕರಾದರು. ‘ದಿ ಔಟ್‌ಸೈಡರ್ ಅಂಡ್ ಅದರ್ಸ್’ 553 ಪುಟಗಳ ದಪ್ಪ ಪುಸ್ತಕ. ಅಚ್ಚಾದದ್ದು 1,268 ಪ್ರತಿ. ಬೆಲೆ 5 ಡಾಲರ್. ಮುಂಗಡ ಹಣ ಕಳಿಸಿದವರಿಗೆ 3.50. ಹಾಗೆ ಮುಂಗಡ ಕಳಿಸಿದವರು ಸುಮಾರು 150 ಜನ. ಎಲ್ಲ ಪ್ರತಿಗಳೂ ಖಾಲಿಯಾಗಲು ನಾಲ್ಕು ವರ್ಷ ಬೇಕಾಯಿತು.

ವ್ಯಾಪಾರದ ಲೆಕ್ಕ ಗೊತ್ತಿದ್ದವರು ಅಲ್ಲಿಗೆ ಕೈಬಿಡುತ್ತಿದ್ದರು. ಡರ್ಲೆತ್ ಬಿಡಲಿಲ್ಲ. 1942ರಲ್ಲಿ ವಾಂಡ್ರೈ ಸೈನ್ಯ ಸೇರಿದ ಮೇಲೆ ಪೂರ್ತಿ ಹೊಣೆ ಅವರೊಬ್ಬರ ಹೆಗಲಿಗೆ ಬಿತ್ತು. ಕ್ಲಾರ್ಕ್ ಆಶ್ಟನ್ ಸ್ಮಿತ್, ರಾಬರ್ಟ್ ಇ. ಹೊವಾರ್ಡ್, ಮೊದಲ ಮಹಾಯುದ್ಧದಲ್ಲಿ ಸತ್ತಿದ್ದ ಇಂಗ್ಲೆಂಡಿನ ವಿಲಿಯಂ ಹೋಪ್ ಹಾಜ್‌ಸನ್ ಇವರ ಬರಹಗಳನ್ನು ಗಟ್ಟಿ ರಟ್ಟಿನಲ್ಲಿ ತಂದರು. ರಾಬರ್ಟ್ ಬ್ಲಾಕ್ ಅವರ ಮೊದಲ ಪುಸ್ತಕ 1945ರಲ್ಲಿ ಬಂತು. ರೇ ಬ್ರಾಡ್‌ಬರಿ ಅವರ ‘ಡಾರ್ಕ್ ಕಾರ್ನಿವಲ್’ ಮತ್ತು ಫ್ರಿಟ್ಸ್ ಲೈಬರ್ ಅವರ ‘ನೈಟ್ಸ್ ಬ್ಲಾಕ್ ಏಜೆಂಟ್ಸ್’ 1947ರಲ್ಲಿ ಬಂದವು. ಆ ಇಬ್ಬರಿಗೂ ಅವು ಮೊದಲ ಪುಸ್ತಕಗಳು. ಇಷ್ಟು ಹೆಸರುಗಳನ್ನು ಗುರುತಿಸಿ ರಟ್ಟಿನೊಳಗೆ ತಂದ ಸಣ್ಣ ಪ್ರಕಾಶನ ಎಲ್ಲಿಯೂ ಅಪರೂಪ.

ಮುಂದೆ 1970ರಲ್ಲಿ ತಮ್ಮ ಪ್ರಕಾಶನದ ಮೂವತ್ತು ವರ್ಷಗಳ ಲೆಕ್ಕ ಕೊಡುವಾಗ ಡರ್ಲೆತ್ ಒಂದು ಮಾತನ್ನು ಬಿಚ್ಚಿ ಬರೆದರು. ಒಂದೇ ಒಂದು ವರ್ಷವೂ ಪ್ರಕಾಶನದ ಆದಾಯ ಅದರ ಖರ್ಚನ್ನು ತೂಗಿಸಿರಲಿಲ್ಲ. ಕೊರತೆಯನ್ನು ತುಂಬಿದ್ದು ಅವರು ಬೇರೆ ಬೇರೆ ಪ್ರಕಾಶಕರಿಗೆ ಬರೆದುಕೊಟ್ಟು ಗಳಿಸಿದ ಹಣ. ತಮ್ಮ ಊರಿನ ಸುತ್ತ ಬೆಳೆಸುತ್ತಿದ್ದ ಕಾದಂಬರಿಮಾಲೆಯನ್ನೇ ಅವರು ಜೀವಮಾನದ ಕೆಲಸವೆಂದು ಬಗೆದಿದ್ದರು. ಅದಕ್ಕೆ ಸಲ್ಲಬೇಕಿದ್ದ ಸಮಯ ಪುಸ್ತಕದ ಪೊಟ್ಟಣ ಕಟ್ಟುವುದಕ್ಕೆ, ಬಿಲ್ಲು ಬರೆಯುವುದಕ್ಕೆ, ಅಚ್ಚಿನ ಮನೆಯ ಸಾಲ ತೀರಿಸುವುದಕ್ಕೆ ಹೋಯಿತು. ಈ ತೆತ್ತ ಬೆಲೆಯನ್ನು ಪಕ್ಕಕ್ಕಿಟ್ಟು ಅವರ ತಪ್ಪುಗಳ ಮಾತೆತ್ತುವುದು ನ್ಯಾಯವಲ್ಲ.

ಅವರ ಗುಣಕ್ಕೆ ಇನ್ನೊಂದು ಸಾಕ್ಷಿಯಿದೆ. ಲಿವರ್‌ಪೂಲಿನ ರಾಮ್ಸೆ ಕ್ಯಾಂಬೆಲ್ ಎಂಬ ಹುಡುಗ ತನ್ನ ಕಥೆಗಳನ್ನು ಸಾಕ್ ಸಿಟಿಗೆ ಕಳಿಸಿದ. ಅವೆಲ್ಲ ಲವ್‌ಕ್ರಾಫ್ಟರ ಕಥೆಗಳ ನೆಲವಾದ ಮ್ಯಾಸಚೂಸೆಟ್ಸ್‌ನಲ್ಲೇ ನಡೆಯುವ ಕಥೆಗಳು. ಹುಡುಗ ಆ ನೆಲವನ್ನು ಕಂಡವನೇ ಅಲ್ಲ. ಡರ್ಲೆತ್ ನೇರವಾಗಿ ತಿದ್ದಿದರು: ಆ ಊರುಗಳನ್ನು ಬಿಡು, ಇಂಗ್ಲೆಂಡಿನಲ್ಲಿ ನಿನ್ನದೇ ನೆಲ ಕಟ್ಟಿಕೋ ಎಂಬುದು ಅವರ ಸಲಹೆಯ ಸಾರ. ಕ್ಯಾಂಬೆಲ್ ಹಾಗೇ ಮಾಡಿದರು. 1964ರಲ್ಲಿ, ಅವರಿಗೆ ಹದಿನೆಂಟಾಗಿದ್ದಾಗ, ಮೊದಲ ಪುಸ್ತಕವನ್ನು ಆರ್ಕಮ್ ಹೌಸ್ ತಂದಿತು. ಮುಂದೆ ಅವರು ಇಂಗ್ಲಿಷ್ ಭಯಾನಕ ಕಥನದ ದೊಡ್ಡ ಹೆಸರುಗಳಲ್ಲಿ ಒಬ್ಬರಾದರು. ಹೊಸಬನಿಗೆ ‘ನಿನ್ನದೇ ದನಿ ಹುಡುಕು’ ಎಂದು ಹೇಳಿ, ಹುಡುಕುವವರೆಗೆ ಕಾದು, ಸಿಕ್ಕ ಮೇಲೆ ದುಡ್ಡು ಹಾಕಿ ಅಚ್ಚು ಮಾಡುವುದಕ್ಕಿಂತ ಹೆಚ್ಚಿನ ಧರ್ಮ ಪ್ರಕಾಶಕನಿಗೆ ಇಲ್ಲ.

ಇಷ್ಟು ವಿವೇಕವಿದ್ದ ಅವರೇ ತಮ್ಮ ದನಿಗೆ ಸತ್ತವರ ಹೆಸರನ್ನು ಇಟ್ಟರು. ‘ಲರ್ಕರ್’ ಒಂದೇ ಆಗಿದ್ದರೆ ಅಚಾತುರ್ಯವೆನ್ನಬಹುದಿತ್ತು. 1957ರ ‘ದಿ ಸರ್ವೈವರ್ ಅಂಡ್ ಅದರ್ಸ್’ನಲ್ಲಿ ಮತ್ತೆ ಅದನ್ನೇ ಮಾಡಿದರು. ಲವ್‌ಕ್ರಾಫ್ಟ್ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಮುಂದೆಂದಾದರೂ ಬರೆಯೋಣವೆಂದು ಗೀಚಿಟ್ಟಿದ್ದ ಒಂದೆರಡು ಸಾಲಿನ ಹೊಳಹುಗಳನ್ನು ಹಿಡಿದು ಡರ್ಲೆತ್ ಇಡೀ ಕಥೆಗಳನ್ನು ಬರೆದರು. ‘ಮರಣೋತ್ತರ ಸಹಯೋಗ’ ಎಂದು ಕರೆದು ಇಬ್ಬರ ಹೆಸರನ್ನೂ ಹಾಕಿದರು.

ಅವರ ಪರವಾಗಿ ಹೇಳಬಹುದಾದ ಮಾತುಗಳಿವೆ. ಲವ್‌ಕ್ರಾಫ್ಟರೇ ಪರರ ಹೆಸರಿಗೆ ಬರೆದುಕೊಟ್ಟವರಲ್ಲವೇ? 1924ರಲ್ಲಿ ಜಾದೂಗಾರ ಹೂಡಿನಿಯ ಹೆಸರಿನಲ್ಲಿ ‘ವಿಯರ್ಡ್ ಟೇಲ್ಸ್’ನಲ್ಲಿ ಬಂದ ಕಥೆ ಅವರದೇ. ಹೆಸರಿನ ಬಗ್ಗೆ ಅಷ್ಟು ಉದಾರಿಯಾಗಿದ್ದವರ ಹೆಸರನ್ನು ಬಳಸಿದರೆ ತಪ್ಪೇನು ಎಂದು ಕೇಳಬಹುದು. ಉತ್ತರ ಕಷ್ಟದ್ದಲ್ಲ. ಹೂಡಿನಿಗೆ ಬರೆದುಕೊಡಲು ಲವ್‌ಕ್ರಾಫ್ಟ್ ಒಪ್ಪಿದ್ದರು, ಸಂಭಾವನೆ ಪಡೆದಿದ್ದರು. ಬೇಡವೆನ್ನುವ ಬಾಯಿ ಅವರಿಗಿತ್ತು. ಸತ್ತವರಿಗೆ ಆ ಬಾಯಿ ಇಲ್ಲ. ಬದುಕಿದ್ದವರ ಜೊತೆ ವ್ಯವಹರಿಸುವಾಗ ಒಪ್ಪಂದವೇ ಕಾವಲು. ತೀರಿಹೋದವರ ಜೊತೆ ವ್ಯವಹರಿಸುವಾಗ ಪ್ರಕಾಶಕನ ಸಂಕೋಚವೇ ಕಾವಲಾಗಬೇಕು.

ಇನ್ನೊಂದು ವಾದ ದುಡ್ಡಿನದು. ಲವ್‌ಕ್ರಾಫ್ಟ್ ಹೆಸರಿಗೆ ಗಿರಾಕಿಗಳಿದ್ದರು. ಆ ಹೆಸರಿನ ಹೊಸ ಪುಸ್ತಕದಿಂದ ಬಂದ ಹಣ ಇನ್ನೊಬ್ಬ ಹೊಸ ಲೇಖಕನಿಗೆ ನೆರವಾದರೆ ಒಳ್ಳೆಯದೇ ಅಲ್ಲವೇ? ಕಷ್ಟದಲ್ಲಿರುವ ಪ್ರತಿ ಸಣ್ಣ ಪ್ರಕಾಶಕನ ಮನಸ್ಸಿನಲ್ಲೂ ಈ ವಾದ ಎಂದಾದರೂ ಏಳುತ್ತದೆ. ಆದರೆ ಈ ಲೆಕ್ಕದಲ್ಲಿ ಬೆಲೆ ತೆರುವವನು ಓದುಗ, ಅವನಿಗದು ಗೊತ್ತಿರುವುದಿಲ್ಲ. ಲವ್‌ಕ್ರಾಫ್ಟ್ ಓದಿದೆನೆಂದು ನಂಬಿ ಅವನು ಡರ್ಲೆತ್ತರನ್ನು ಓದಿರುತ್ತಾನೆ.

ಆ ನಂಬಿಕೆಯಿಂದ ಆದ ಹಾನಿ ದೊಡ್ಡದು. ಲವ್‌ಕ್ರಾಫ್ಟರ ಕಥೆಗಳ ಜೀವಾಳ ಒಂದು ನಿಷ್ಠುರ ನೋಟ: ಈ ವಿಶ್ವಕ್ಕೆ ಮನುಷ್ಯ ಲೆಕ್ಕಕ್ಕೇ ಇಲ್ಲ, ಅದಕ್ಕೆ ನಮ್ಮ ಮೇಲೆ ಒಲವೂ ಇಲ್ಲ, ಹಗೆಯೂ ಇಲ್ಲ. ಅವರ ಭಯ ಹುಟ್ಟುವುದು ಅಲ್ಲಿಂದ. ಡರ್ಲೆತ್ ಧಾರ್ಮಿಕ ಶ್ರದ್ಧೆಯುಳ್ಳ ಕ್ಯಾಥೊಲಿಕ್. ಅವರು ಲವ್‌ಕ್ರಾಫ್ಟರ ಕಥೆಗಳ ದೈತ್ಯರನ್ನು ಒಳ್ಳೆಯವರು ಕೆಟ್ಟವರೆಂದು ವಿಂಗಡಿಸಿ, ಭೂಮಿ, ನೀರು, ಗಾಳಿ, ಬೆಂಕಿಗಳಿಗೆ ಹಂಚಿ, ದೇವಾಸುರರ ಕಾಳಗದಂಥ ಕಥೆಯನ್ನಾಗಿ ಮಾಡಿದರು. ತಮ್ಮ ಹೆಸರಿನಲ್ಲಿ ಹಾಗೆ ಬರೆಯಲು ಅವರಿಗೆ ಪೂರ್ಣ ಸ್ವಾತಂತ್ರ್ಯವಿತ್ತು. ಆದರೆ ಅದೇ ಲವ್‌ಕ್ರಾಫ್ಟರ ದರ್ಶನವೆಂದು ಮುನ್ನುಡಿಗಳಲ್ಲಿ ಸಾರಿದರು. ಅದಕ್ಕೆ ಆಧಾರವಾಗಿ ಲವ್‌ಕ್ರಾಫ್ಟರದೆಂದು ಮತ್ತೆ ಮತ್ತೆ ಉದ್ಧರಿಸಿದ ಹೇಳಿಕೆಯೊಂದು ಲವ್‌ಕ್ರಾಫ್ಟರದಲ್ಲ. ಹೆರಾಲ್ಡ್ ಫಾರ್ನೀಸ್ ಎಂಬ ಸಂಗೀತಗಾರ ಡರ್ಲೆತ್ತರಿಗೆ ಬರೆದ ಪತ್ರದಲ್ಲಿದ್ದ ಮಾತು ಅದು ಎಂದು ಸಂಶೋಧಕರು ಮುಂದೆ ತೋರಿಸಿದರು. 1972ರಲ್ಲಿ ರಿಚರ್ಡ್ ಟಿಯರ್ನಿ ಎಂಬ ವಿಮರ್ಶಕರು ಈ ಇಬ್ಬರ ನೋಟಗಳನ್ನು ಬಿಡಿಸಿ ಬರೆಯುವವರೆಗೆ ಬಹುತೇಕ ಓದುಗರು ಎರಡನ್ನೂ ಒಂದೇ ಎಂದುಕೊಂಡಿದ್ದರು.

ಈಗ ಇನ್ನೊಬ್ಬ ವ್ಯಕ್ತಿಯ ಕಡೆ ತಿರುಗಬೇಕು. ಈ ಪ್ರಕರಣದಲ್ಲಿ ಅನ್ಯಾಯಕ್ಕೆ ಒಳಗಾದ ಬದುಕಿದ್ದ ಮನುಷ್ಯ ಅವರು: ರಾಬರ್ಟ್ ಬಾರ್ಲೋ. ತಮ್ಮ ಬರಹಗಳ ಹೊಣೆಯನ್ನು ಲವ್‌ಕ್ರಾಫ್ಟ್ ಲಿಖಿತ ಸೂಚನೆಯಲ್ಲಿ ವಹಿಸಿಕೊಟ್ಟದ್ದು ಬಾರ್ಲೋಗೆ. ಆಗ ಅವರಿಗೆ ಹದಿನೆಂಟು ವರ್ಷ. ಅವರು ಪ್ರಾವಿಡೆನ್ಸಿಗೆ ಬಂದು, ಲವ್‌ಕ್ರಾಫ್ಟರ ಚಿಕ್ಕಮ್ಮನ ಒಪ್ಪಿಗೆ ಪಡೆದು, ಕಾಗದಪತ್ರಗಳನ್ನು ಜೋಡಿಸಿ, ಬ್ರೌನ್ ವಿಶ್ವವಿದ್ಯಾಲಯದ ಜಾನ್ ಹೇ ಗ್ರಂಥಾಲಯಕ್ಕೆ ಒಪ್ಪಿಸತೊಡಗಿದರು. ವಾಂಡ್ರೈ ಮತ್ತು ಡರ್ಲೆತ್ ಈ ಹುಡುಗನನ್ನು ಜೊತೆಗಾರನೆಂದು ಕಾಣಲಿಲ್ಲ, ಅಡ್ಡಿಯೆಂದು ಕಂಡರು. ಲವ್‌ಕ್ರಾಫ್ಟರ ಗೆಳೆಯರ ಬಳಗದಲ್ಲಿ ಬಾರ್ಲೋ ಮೇಲೆ ಅಪನಂಬಿಕೆ ಹಬ್ಬಿತು. ಅವರು ಆರಾಧಿಸುತ್ತಿದ್ದ ಕ್ಲಾರ್ಕ್ ಆಶ್ಟನ್ ಸ್ಮಿತ್ ಕೂಡ ಸಂಬಂಧ ಕಡಿದುಕೊಂಡರು. ಬಾರ್ಲೋ ಮೆಕ್ಸಿಕೋಗೆ ಹೋಗಿ ಅಲ್ಲಿನ ಪ್ರಾಚೀನ ನಾವಾಟ್ಲ್ ಭಾಷೆಯ ವಿದ್ವಾಂಸರೆಂದು ಹೆಸರು ಮಾಡಿದರು. 1951ರ ಜನವರಿಯಲ್ಲಿ, 32ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಇಬ್ಬರೂ ಒಬ್ಬರೇ ಲೇಖಕರನ್ನು ಪ್ರೀತಿಸಿದವರು. ಡರ್ಲೆತ್ ಅಚ್ಚು ಹಾಕಿದರು, ಹಕ್ಕನ್ನೂ ಹೇಳಿಕೊಂಡರು. ಬಾರ್ಲೋ ಹಸ್ತಪ್ರತಿಗಳನ್ನು ಗ್ರಂಥಾಲಯಕ್ಕೆ ಕೊಟ್ಟು ದೂರ ಸರಿದರು. ಡರ್ಲೆತ್ ಇಲ್ಲದಿದ್ದರೆ ಲವ್‌ಕ್ರಾಫ್ಟರಿಗೆ ಓದುಗರು ಸಿಗುತ್ತಿರಲಿಲ್ಲ. ಬಾರ್ಲೋ ಇಲ್ಲದಿದ್ದರೆ ಓದುಗರಿಗೆ ನಿಜವಾದ ಲವ್‌ಕ್ರಾಫ್ಟ್ ಸಿಗುತ್ತಿರಲಿಲ್ಲ. ಮೊದಲನೆಯವರ ಹೆಸರು ಪುಸ್ತಕಗಳ ಮೇಲೆ ಉಳಿಯಿತು, ಎರಡನೆಯವರ ಹೆಸರು ಅಡಿಟಿಪ್ಪಣಿಗಳಿಗೆ ಸರಿಯಿತು. ಹಸ್ತಪ್ರತಿಯನ್ನು ತನ್ನ ಕಪಾಟಿನಲ್ಲಿಡದೆ ಎಲ್ಲರಿಗೂ ತೆರೆದ ಜಾಗಕ್ಕೆ ಒಪ್ಪಿಸುವವನು ತನ್ನ ಅಧಿಕಾರವನ್ನೇ ಬಿಟ್ಟುಕೊಡುತ್ತಾನೆ; ನಾಳೆ ಯಾರು ಬೇಕಾದರೂ ಬಂದು ಅಚ್ಚಿನ ಪಾಠವನ್ನು ಮೂಲದೊಂದಿಗೆ ಹೋಲಿಸಿ ನೋಡಬಹುದು. ಆ ಬಿಟ್ಟುಕೊಡುವಿಕೆಯನ್ನು ನಾನು ಅಚ್ಚು ಹಾಕಿಸುವ ಸಾಹಸಕ್ಕಿಂತ ಒಂದು ಕೂದಲೂ ಕಡಿಮೆಯೆಂದು ಎಣಿಸಲಾರೆ.

ಹಕ್ಕಿನ ವಿಚಾರದಲ್ಲಿ ಡರ್ಲೆತ್ ಇನ್ನೂ ಮುಂದೆ ಹೋದರು. 1947ರಲ್ಲಿ ‘ವಿಯರ್ಡ್ ಟೇಲ್ಸ್’ನಿಂದ ಕಥೆಗಳ ಹಕ್ಕು ಕೊಂಡರು. ಆದರೆ ಲವ್‌ಕ್ರಾಫ್ಟ್ 1926ರ ಸುಮಾರಿನಿಂದಲೇ ಮರುಮುದ್ರಣದ ಹಕ್ಕನ್ನು ತಾವೇ ಉಳಿಸಿಕೊಳ್ಳುತ್ತಿದ್ದುದರಿಂದ ಆ ಪತ್ರಿಕೆಗೆ ಮಾರಲು ಎಷ್ಟು ಹಕ್ಕಿತ್ತು ಎಂಬುದೇ ವಿವಾದ. ಹೀಗಿದ್ದೂ ಲವ್‌ಕ್ರಾಫ್ಟ್ ಲೋಕವನ್ನು ಬಳಸಿ ಕಥೆ ಬರೆದ ಸಿ. ಹಾಲ್ ಥಾಂಪ್ಸನ್ ಎಂಬ ಲೇಖಕರಿಗೆ ಡರ್ಲೆತ್ ಆಕ್ಷೇಪ ಕಳಿಸಿದರು. ಲವ್‌ಕ್ರಾಫ್ಟರ ನಡೆ ಇದಕ್ಕೆ ತೀರ ಬೇರೆಯಾಗಿತ್ತು. ತಾವು ಕಲ್ಪಿಸಿದ ದೈವಗಳನ್ನು, ಊರುಗಳನ್ನು, ಮಂತ್ರಗ್ರಂಥಗಳನ್ನು ಬ್ಲಾಕ್, ಹೊವಾರ್ಡ್, ಸ್ಮಿತ್ ಮೊದಲಾದವರು ಬಳಸಿದಾಗ ಅವರು ಸಂತೋಷಪಟ್ಟರು. ತಾವೂ ಅವರಿಂದ ಎರವಲು ಪಡೆದರು. ಆ ಔದಾರ್ಯದ ಫಲ ಡರ್ಲೆತ್ತರಿಗೂ ಸಿಕ್ಕಿತ್ತು. ಹಾಗೆ ತೆರೆದ ಬಾಗಿಲಿನಿಂದ ಒಳಬಂದವರು ಬಾಗಿಲಿಗೆ ಅಗುಳಿ ಹಾಕಿದರು.

ಡರ್ಲೆತ್ 1971ರಲ್ಲಿ ತೀರಿಕೊಂಡರು. ತಿದ್ದುಪಡಿಯ ಕೆಲಸ ಆಮೇಲೆ ಬಂತು; ಅದನ್ನು ಮಾಡಿದವರು 1958ರಲ್ಲಿ ಪುಣೆಯಲ್ಲಿ ಹುಟ್ಟಿ ಎಳವೆಯಲ್ಲೇ ಅಮೆರಿಕ ಸೇರಿದ ಎಸ್. ಟಿ. ಜೋಶಿ. ಅವರು ಓದಲು ಬ್ರೌನ್ ವಿಶ್ವವಿದ್ಯಾಲಯವನ್ನು ಆರಿಸಿಕೊಂಡದ್ದಕ್ಕೆ ಲವ್‌ಕ್ರಾಫ್ಟರ ಕಾಗದಪತ್ರಗಳು ಅಲ್ಲಿದ್ದದ್ದೂ ಒಂದು ಕಾರಣ. ಜಾನ್ ಹೇ ಗ್ರಂಥಾಲಯದಲ್ಲಿ ಕುಳಿತು ಹಸ್ತಪ್ರತಿ, ಬೆರಳಚ್ಚು ಪ್ರತಿ, ಪತ್ರಿಕೆಯ ಪಾಠ, ಆರ್ಕಮ್ ಹೌಸ್ ಪಾಠ ಇವನ್ನು ಸಾಲಿಗೆ ಸಾಲು ಹೋಲಿಸಿದರು. ಸಾವಿರಾರು ವ್ಯತ್ಯಾಸಗಳು ಕಂಡವು. ‘ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್‌ನೆಸ್’ ನೀಳ್ಗತೆಯನ್ನು 1936ರಲ್ಲಿ ‘ಅಸ್ಟೌಂಡಿಂಗ್ ಸ್ಟೋರೀಸ್’ ಪತ್ರಿಕೆ ಪ್ಯಾರಾಗಳನ್ನು ತುಂಡರಿಸಿ, ಕೊನೆಯ ಭಾಗದಲ್ಲಿ ಕತ್ತರಿ ಆಡಿಸಿ ಅಚ್ಚು ಮಾಡಿತ್ತು. ಲವ್‌ಕ್ರಾಫ್ಟ್ ಅದನ್ನು ಕಂಡು ಕಿಡಿಕಿಡಿಯಾಗಿದ್ದರು. ಅಂಥ ಗಾಯಗಳಲ್ಲಿ ಎಷ್ಟೋ ಪುಸ್ತಕದ ಪಾಠಗಳಿಗೂ ದಾಟಿಕೊಂಡು ಬಂದಿದ್ದವು.

ಜೋಶಿ ತಿದ್ದಿದ ಪಾಠಗಳನ್ನು 1984ರಿಂದ 1986ರೊಳಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ್ದು ಆರ್ಕಮ್ ಹೌಸೇ. ತಾನು ನಾಲ್ಕು ದಶಕ ಮಾರಿದ ಪುಸ್ತಕಗಳಲ್ಲಿ ತಪ್ಪಿತ್ತು ಎಂದು ಆ ಪ್ರಕಾಶನ ತನ್ನದೇ ಖರ್ಚಿನಲ್ಲಿ, ತನ್ನದೇ ಮುದ್ರೆಯಡಿ ಒಪ್ಪಿಕೊಂಡಂತಾಯಿತು. ಪ್ರಕಾಶನ ಸಂಸ್ಥೆಗಳ ಚರಿತ್ರೆಯಲ್ಲಿ ಇಂಥ ಒಪ್ಪಿಗೆ ಅಪರೂಪ. ಆರ್ಕಮ್ ಹೌಸಿನ ದೊಡ್ಡ ಕೆಲಸಗಳಲ್ಲಿ ಇದನ್ನೂ ಎಣಿಸಬೇಕು. ಜೋಶಿ ಬರೆದ ಲವ್‌ಕ್ರಾಫ್ಟ್ ಜೀವನಚರಿತ್ರೆಯನ್ನು 1996ರಲ್ಲಿ ಹೊರತಂದದ್ದೂ ‘ನೆಕ್ರೊನಾಮಿಕಾನ್ ಪ್ರೆಸ್’ ಎಂಬ ಇನ್ನೊಂದು ಸಣ್ಣ ಪ್ರಕಾಶನವೇ. ದೊಡ್ಡವರು ಆಮೇಲೆ ಬಂದರು: ಪೆಂಗ್ವಿನ್ ಕ್ಲಾಸಿಕ್ಸ್ 1999ರಲ್ಲಿ, ಲೈಬ್ರರಿ ಆಫ್ ಅಮೆರಿಕ 2005ರಲ್ಲಿ.

ಹಾಗಾದರೆ ಡರ್ಲೆತ್ತರ ಮೇಲೆ ಏನು ತೀರ್ಪು? ಅನಾಥ ಮಗುವನ್ನು ಸಾಕಿದವರಿಗೆ ಅದರ ಮೇಲೆ ಅಕ್ಕರೆ ಇರುತ್ತದೆ, ಹಕ್ಕಿನ ಭಾವವೂ ಬೆಳೆಯುತ್ತದೆ. ಆದರೆ ಸಾಕಿದ್ದಕ್ಕೆ ಪ್ರತಿಯಾಗಿ ಮಗು ತಮ್ಮ ಮಾತನ್ನೇ ಆಡಬೇಕು ಎನ್ನುವಂತಿಲ್ಲ. ಡರ್ಲೆತ್ ಎಡವಿದ್ದು ಅಲ್ಲಿ. ತಾವು ಇಷ್ಟು ಕಳೆದುಕೊಂಡೆವು, ಆದ್ದರಿಂದ ಇಷ್ಟು ತಮ್ಮದು ಎಂಬ ಲೆಕ್ಕ ತ್ಯಾಗಿಗಳ ಮನಸ್ಸಿನಲ್ಲೇ ಹುಟ್ಟುವುದು. ಲಾಭಕ್ಕಾಗಿ ಪುಸ್ತಕ ಮಾಡುವವನಿಗೆ ಆ ಆಸೆ ಬರುವುದೇ ಇಲ್ಲ. ಆದ್ದರಿಂದ ಪ್ರೀತಿಯಿಂದ ಪ್ರಕಾಶನ ನಡೆಸುವವರು ದುರಾಸೆಯ ಬಗ್ಗೆ ಎಷ್ಟು ಎಚ್ಚರವಿರಬೇಕೋ ತಮ್ಮ ಪ್ರೀತಿಯ ಬಗ್ಗೆಯೂ ಅಷ್ಟೇ ಎಚ್ಚರವಿರಬೇಕು.

ಡರ್ಲೆತ್ ಲವ್‌ಕ್ರಾಫ್ಟರನ್ನು ಉಳಿಸಿದರು. ಆ ಋಣ ತೀರುವಂಥದ್ದಲ್ಲ. ಲವ್‌ಕ್ರಾಫ್ಟರ ಹೆಸರಿನಲ್ಲಿ ಅವರದಲ್ಲದ ಮಾತನ್ನು ಆಡಿಸಿದರು. ಆ ತಪ್ಪು ಋಣದಲ್ಲಿ ವಜಾ ಆಗುವಂಥದ್ದೂ ಅಲ್ಲ. ಎರಡು ಲೆಕ್ಕಗಳನ್ನೂ ಬೇರೆ ಬೇರೆಯಾಗಿಯೇ ಬರೆದಿಡಬೇಕು.

ಪುಸ್ತಕ ಪ್ರಕಟಿಸುವ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟು. ಲೇಖಕ ಬರೆದದ್ದಕ್ಕೆ ಮಾತ್ರ ಲೇಖಕನ ಹೆಸರಿಡಿ. ಪೂರ್ತಿಯಾಗದ ಬರಹವನ್ನು ಪೂರ್ತಿಯಾಗದಂತೆಯೇ ಅಚ್ಚು ಮಾಡಿ. ಸೇರಿಸಲೇಬೇಕಾದರೆ ಎಲ್ಲಿಂದ ಸೇರಿಸಿದಿರೆಂದು ಆ ಪುಟದಲ್ಲೇ ಹೇಳಿ. ಕೈಗೆ ಬಂದ ಹಸ್ತಪ್ರತಿಯನ್ನು ಪುಸ್ತಕವಾದ ಮೇಲೆ ಗ್ರಂಥಾಲಯಕ್ಕೆ ಒಪ್ಪಿಸಿ. ಓದುಗರಲ್ಲೂ ಒಂದು ಮಾತು. ಆ 1,268 ಪ್ರತಿಗಳಿಗೆ ಮೊದಲು ಹಣ ಕಳಿಸಿದವರು ಸುಮಾರು 150 ಜನ; ಅವರು ಒಂದು ಸಾವಿರವಾಗಿದ್ದರೆ ಡರ್ಲೆತ್ತರ ಹೆಗಲಿನ ಹೊರೆ ಎಷ್ಟೋ ಇಳಿಯುತ್ತಿತ್ತು. ನೀವು ಮೆಚ್ಚುವ ಸಣ್ಣ ಪ್ರಕಾಶನದ ಪುಸ್ತಕಕ್ಕೆ ಅದು ಅಚ್ಚಾಗುವ ಮೊದಲೇ ಹಣ ಕಳಿಸಿ.